ಎರಡು ಏಂಜಲ್ ಶಾರ್ಕ್‌ಗಳು, ಎರಡು ಗತಿ

ಏಂಜಲ್ ಶಾರ್ಕ್ ಎಂದರೆ ಚಪ್ಪಟೆ ಮೈಯ ಶಾರ್ಕ್. ಮೀನು ಮಾರುಕಟ್ಟೆಯಲ್ಲಿ ತಾಟೆ ಎಂಬ ಶಾರ್ಕನ್ನೂ ತೊರಕೆ ಎಂಬ ರೇ ಮೀನನ್ನೂ ನೋಡಿ ಬಲ್ಲ ಕರಾವಳಿಯವರಿಗೆ ಇದು ಎರಡರ ನಡುವಿನ ಪ್ರಾಣಿಯಂತೆ ಕಂಡೀತು. ಮುಂಭಾಗ ತೊರಕೆಯ ಹಾಗೆ ಅಗಲ, ಬಾಲದ ಕಡೆ ತಾಟೆಯ ಹಾಗೆ ಉರುಟು. ಆದರೆ ವಂಶದ ಲೆಕ್ಕದಲ್ಲಿ ಇದು ಶಾರ್ಕೇ, ತೊರಕೆಯಲ್ಲ. ತೊರಕೆಯ ಎದೆರೆಕ್ಕೆಗಳು ತಲೆಯೊಂದಿಗೆ ಬೆಸೆದುಕೊಂಡಿರುತ್ತವೆ. ಅದರ ಕಿವಿರು ಸೀಳುಗಳೂ ಬಾಯಿಯೂ ಮೈಯ ಅಡಿಯಲ್ಲಿರುತ್ತವೆ. ಏಂಜಲ್ ಶಾರ್ಕಿನ ರೆಕ್ಕೆಗಳು ಎಷ್ಟೇ ಅಗಲವಾಗಿದ್ದರೂ ತಲೆಯಿಂದ ಬಿಡಿಯಾಗಿ ನಿಂತಿವೆ. ಕಿವಿರು ಸೀಳುಗಳು ತಲೆಯ ಪಕ್ಕದಲ್ಲಿ, ಬಾಯಿ ಮೂತಿಯ ತುದಿಯಲ್ಲೇ ಇದೆ. ಹೆಚ್ಚಿನ ಶಾರ್ಕ್‌ಗಳಲ್ಲಿ ಬಾಲದ ರೆಕ್ಕೆಯ ಮೇಲಿನ ಭಾಗ ಉದ್ದ. ಇದರಲ್ಲಿ ಕೆಳಗಿನ ಭಾಗವೇ ಉದ್ದ. ನೆಲಕ್ಕೆ ಒತ್ತಿ ಮಲಗಿದ ಮೈಯನ್ನು ಒಂದೇ ಏಟಿಗೆ ಮೇಲಕ್ಕೆ ಚಿಮ್ಮಿಸಲು ಅಂಥ ಬಾಲ ಅನುಕೂಲ.

ಮರಳಿನಲ್ಲಿ ಹೂತುಕೊಂಡು ಕೂರುವುದೇ ಈ ಮೀನಿನ ಬದುಕು. ಕಣ್ಣುಗಳ ಹಿಂದೆ ಎರಡು ದೊಡ್ಡ ರಂಧ್ರಗಳಿದ್ದು, ಅವುಗಳ ಮೂಲಕ ನೀರನ್ನು ಎಳೆದುಕೊಂಡು ಕಿವಿರಿಗೆ ಹಾಯಿಸುತ್ತದೆ. ಹಾಗಾಗಿ ಉಸಿರಾಟಕ್ಕೆಂದು ಈಜುತ್ತಲೇ ಇರಬೇಕಾದ ಕಷ್ಟ ಇದಕ್ಕಿಲ್ಲ. ಇಂಥದ್ದೇ ಮೈಕಟ್ಟಿನ ಶಾರ್ಕ್‌ಗಳ ಪಳೆಯುಳಿಕೆಗಳು ಜರ್ಮನಿಯ ಜೋಲ್ನ್‌ಹೋಫನ್ ಸುಣ್ಣಕಲ್ಲಿನಲ್ಲಿ ಸಿಕ್ಕಿವೆ. ಆ ಕಲ್ಲಿಗೆ ಸುಮಾರು 15 ಕೋಟಿ ವರ್ಷಗಳ ವಯಸ್ಸು. ಇಂದು ಬದುಕಿರುವ ಏಂಜಲ್ ಶಾರ್ಕ್‌ಗಳೆಲ್ಲ ಸ್ಕ್ವಾಟಿನಾ ಎಂಬ ಒಂದೇ ಕುಲಕ್ಕೆ ಸೇರಿದವು. ಅವುಗಳಲ್ಲಿ 20ಕ್ಕೂ ಹೆಚ್ಚು ಜಾತಿಗಳಿವೆ. ಶಾರ್ಕ್ ಮತ್ತು ತೊರಕೆಗಳ ಎಲ್ಲ ಕುಟುಂಬಗಳ ಪೈಕಿ ಅತಿ ಹೆಚ್ಚು ಅಪಾಯದಲ್ಲಿರುವ ಕೆಲವೇ ಕುಟುಂಬಗಳಲ್ಲಿ ಇದೂ ಒಂದು. ಆದರೆ ಆ ಅಪಾಯ ಎಲ್ಲ ಜಾತಿಗಳಿಗೂ ಒಂದೇ ಪ್ರಮಾಣದಲ್ಲಿ ಬಂದಿಲ್ಲ. ಯೂರೋಪಿನ ಕಡಲುಗಳ ಸ್ಕ್ವಾಟಿನಾ ಸ್ಕ್ವಾಟಿನಾ ಮತ್ತು ಅಮೆರಿಕದ ಪಶ್ಚಿಮ ತೀರದ ಸ್ಕ್ವಾಟಿನಾ ಕ್ಯಾಲಿಫೋರ್ನಿಕಾ ಎಂಬ ಎರಡು ಜಾತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲನೆಯದಕ್ಕೆ ವೈಜ್ಞಾನಿಕ ಹೆಸರು ಕೊಟ್ಟವನು ಲಿನೇಯಸ್, 1758ರಲ್ಲಿ. ಒಂದು ಕಾಲಕ್ಕೆ ಇದು ನಾರ್ವೆಯ ದಕ್ಷಿಣ ತೀರ ಮತ್ತು ಶೆಟ್ಲ್ಯಾಂಡ್ ದ್ವೀಪಗಳಿಂದ ಹಿಡಿದು ಬ್ರಿಟನ್, ಐರ್ಲೆಂಡ್, ಫ್ರಾನ್ಸ್, ಸ್ಪೇನ್‌ಗಳ ತೀರಗಳನ್ನು ಹಾದು ಮೊರಾಕೊ ಮತ್ತು ಕ್ಯಾನರಿ ದ್ವೀಪಗಳ ತನಕ ಇತ್ತು. ಮೆಡಿಟರೇನಿಯನ್ ಮತ್ತು ಕಪ್ಪು ಸಮುದ್ರಗಳಲ್ಲಿಯೂ ಇತ್ತು. ಹೆಣ್ಣು ಮೀನು 2.4 ಮೀಟರ್ ಉದ್ದದವರೆಗೂ ಬೆಳೆದದ್ದುಂಟು. ಕ್ಯಾಲಿಫೋರ್ನಿಯಾದ್ದು ಗಾತ್ರದಲ್ಲಿ ಚಿಕ್ಕದು, ಸುಮಾರು ಒಂದೂವರೆ ಮೀಟರ್. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೈದ್ಯನಾಗಿದ್ದ, ಮೀನುಗಳ ಅಧ್ಯಯನದಲ್ಲಿ ತೊಡಗಿದ್ದ ವಿಲಿಯಂ ಆರ್ವಿಲ್ ಏರ್ಸ್ 1859ರಲ್ಲಿ ಇದನ್ನು ಬೇರೆ ಜಾತಿಯೆಂದು ವರ್ಣಿಸಿದ. ಅಲಾಸ್ಕಾದ ಆಗ್ನೇಯ ತೀರದಿಂದ ಕ್ಯಾಲಿಫೋರ್ನಿಯಾ ಕೊಲ್ಲಿಯವರೆಗೆ ಇದರ ನೆಲೆ ಎನ್ನುವುದು ರೂಢಿ. ಹೆಚ್ಚಾಗಿ ಸಿಗುವುದು ದಕ್ಷಿಣ ಕ್ಯಾಲಿಫೋರ್ನಿಯಾ ಮತ್ತು ಮೆಕ್ಸಿಕೋದ ನೀರಿನಲ್ಲಿ. ಬಣ್ಣದಲ್ಲಿ ಎರಡೂ ಮರಳಿಗೆ ಒಗ್ಗಿದವು: ಬೂದು, ಕಂದು, ಮೇಲೆ ಚುಕ್ಕಿಗಳು. ಎರಡನ್ನೂ ಒಟ್ಟಿಗೆ ಇಟ್ಟರೆ ಸಾಮಾನ್ಯರ ಕಣ್ಣಿಗೆ ವ್ಯತ್ಯಾಸ ತಿಳಿಯುವುದು ಕಷ್ಟ.

ಇವು ಬೇಟೆಯಾಡುವ ಬಗೆಯನ್ನು ಅತಿ ಹತ್ತಿರದಿಂದ ನೋಡಿದ್ದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಯಾಟಲೀನಾ ದ್ವೀಪದ ಬಳಿ. ಶಾರ್ಕ್ ಬಂಡೆಗಳ ಅಂಚಿನಲ್ಲಿ, ಮೀನುಗಳು ಓಡಾಡುವ ಜಾಡು ನೋಡಿಕೊಂಡು ಮರಳಿನಲ್ಲಿ ಇಳಿಯುತ್ತದೆ. ರೆಕ್ಕೆಗಳನ್ನು ಅಲುಗಿಸಿ ಮರಳನ್ನು ಮೇಲೆಬ್ಬಿಸುತ್ತದೆ. ಅದು ಮೈಮೇಲೆ ಕೂತಾಗ ಕಣ್ಣು ಮತ್ತು ಉಸಿರಿನ ರಂಧ್ರಗಳಷ್ಟೇ ಹೊರಗುಳಿಯುತ್ತವೆ. ಆಮೇಲೆ ಕಾಯುವುದು. ಒಮ್ಮೊಮ್ಮೆ ಅದೇ ಜಾಗದಲ್ಲಿ ದಿನಗಟ್ಟಲೆ. ಮುಳುಗುಗಾರ ಸಂಶೋಧಕರು ಮೀನಿನ ಆಕಾರದ ಬೊಂಬೆಯನ್ನು ಅದರ ಮೂತಿಯ ಎದುರಿಗೆ ಸುಳಿದಾಡಿಸಿದಾಗ, ವಾಸನೆ ಇಲ್ಲದ ಆ ಬೊಂಬೆಯ ಮೇಲೂ ಶಾರ್ಕ್ ಎರಗಿತು. ಹಗಲಿನಲ್ಲಿ ಅದು ನಂಬುವುದು ಕಣ್ಣನ್ನು ಎಂಬುದು ಇದರಿಂದ ತಿಳಿಯಿತು. ತಲೆ ಥಟ್ಟನೆ ಮೇಲಕ್ಕೆದ್ದು, ದವಡೆ ಮುಂದಕ್ಕೆ ಚಾಚಿ, ಬೇಟೆಯನ್ನು ಒಳಗೆಳೆದುಕೊಂಡು ಮುಚ್ಚುವುದೆಲ್ಲ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯುತ್ತದೆ. ಸುತ್ತಲಿನ ಮೀನುಗಳು ಅಲ್ಲೊಂದು ಶಾರ್ಕ್ ಇದೆಯೆಂದು ಅರಿತು ದೂರ ಸರಿಯತೊಡಗಿದರೆ ರಾತ್ರಿ ಎದ್ದು ಬೇರೆ ಜಾಗ ಹುಡುಕುತ್ತದೆ. ಯೂರೋಪಿನ ಜಾತಿಯ ಬಾಳುವೆಯೂ ಹೀಗೆಯೇ. ಚಪ್ಪಟೆ ಮೀನು, ತೊರಕೆ, ಏಡಿ, ಮೃದ್ವಂಗಿಗಳು ಅದರ ಆಹಾರ.

ಈ ಸಹನೆಯೇ ಬಲೆಯ ಮುಂದೆ ಅವುಗಳಿಗೆ ಮುಳುವಾಯಿತು. ಆಳವಿಲ್ಲದ ತೀರದ ನೀರಿನಲ್ಲಿ, ನೆಲಕ್ಕೆ ಅಂಟಿಕೊಂಡು, ಅಲುಗಾಡದೆ ಮಲಗುವ ಮೀನಿಗೆ ನೆಲವನ್ನು ಕೆರೆದುಕೊಂಡು ಬರುವ ಟ್ರಾಲ್ ಬಲೆಯಿಂದ ತಪ್ಪಿಸಿಕೊಳ್ಳುವ ಹಾದಿಯೇ ಇಲ್ಲ.

ಸಂತಾನದ ವಿಷಯದಲ್ಲೂ ಎರಡು ಜಾತಿಗಳೂ ನಿಧಾನ. ಎರಡೂ ಮರಿ ಹಾಕುತ್ತವೆ. ಮೊಟ್ಟೆ ತಾಯಿಯ ಹೊಟ್ಟೆಯೊಳಗೇ ಒಡೆದು ಮರಿಗಳು ಅಲ್ಲೇ ಬೆಳೆಯುತ್ತವೆ. ಯೂರೋಪಿನ ಜಾತಿ 8ರಿಂದ 10 ತಿಂಗಳು ಹೊತ್ತು 7ರಿಂದ 25 ಮರಿಗಳನ್ನು ಹಾಕುತ್ತದೆ. ದೊಡ್ಡ ತಾಯಿಗೆ ಹೆಚ್ಚು ಮರಿ. ಕ್ಯಾಲಿಫೋರ್ನಿಯಾದ್ದು ಸುಮಾರು 10 ತಿಂಗಳು ಹೊತ್ತು ಸರಾಸರಿ ಆರು ಮರಿ ಹಾಕುತ್ತದೆ. ಮರಿಗಳ ಎಣಿಕೆಯನ್ನಷ್ಟೇ ನೋಡಿದರೆ ಯೂರೋಪಿನದ್ದೇ ಹೆಚ್ಚು ಬಲವಾಗಿ ಉಳಿಯಬೇಕಾಗಿತ್ತು. ಉಳಿದದ್ದು ಅದಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡೇ ಮುಂದಿನ ಕಥೆಯನ್ನು ಕೇಳಬೇಕು.

ವಯಸ್ಸಿನ ಲೆಕ್ಕದಲ್ಲಿ ಒಂದು ತೊಡಕಿದೆ. ಬಹಳಷ್ಟು ಶಾರ್ಕ್‌ಗಳ ಬೆನ್ನುಮೂಳೆಯಲ್ಲಿ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಉಂಗುರ ಮೂಡುತ್ತದೆ. ಅದನ್ನೆಣಿಸಿ ವಯಸ್ಸು ಹೇಳಬಹುದು. ಕ್ಯಾಲಿಫೋರ್ನಿಯಾದ ಏಂಜಲ್ ಶಾರ್ಕಿನಲ್ಲಿ ಈ ಉಪಾಯ ನಡೆಯಲಿಲ್ಲ. ಅದರ ಮರಿ ಹುಟ್ಟುವಾಗಲೇ ಆರೇಳು ಉಂಗುರಗಳನ್ನು ಹೊತ್ತು ಬರುತ್ತದೆ, ಆಮೇಲಿನವು ಕಾಲಕ್ಕೆ ತಕ್ಕಂತೆ ಮೂಡದೆ ಮೈ ಬೆಳೆದ ಪ್ರಮಾಣಕ್ಕೆ ತಕ್ಕಂತೆ ಮೂಡುತ್ತವೆ ಎಂದು ಸಂಶೋಧಕ ಗ್ರೆಗರ್ ಕೈಯೆ ಮತ್ತು ಅವರ ಸಹೋದ್ಯೋಗಿಗಳ ಅಧ್ಯಯನಗಳು ತೋರಿಸಿದವು. ಗುರುತು ಪಟ್ಟಿ ಕಟ್ಟಿ ಬಿಟ್ಟ ಮೀನುಗಳನ್ನು ಮತ್ತೆ ಹಿಡಿದು ಅಳೆದು, ಅವು ಪ್ರಾಯಕ್ಕೆ ಬರಲು ಹತ್ತು ವರ್ಷದ ಆಚೀಚೆ ಬೇಕು ಎಂಬ ಅಂದಾಜಿಗೆ ಬರಲಾಯಿತು. ವಯಸ್ಸು ಸರಿಯಾಗಿ ಗೊತ್ತಿಲ್ಲದ ಮೀನನ್ನು ವರ್ಷಕ್ಕೆ ಎಷ್ಟು ಹಿಡಿಯಬಹುದು ಎಂದು ಹೇಳುವುದು ಮೀನುಗಾರಿಕೆಯ ಆಡಳಿತಕ್ಕೆ ಕಷ್ಟದ ಕೆಲಸ. ಈ ಅಧ್ಯಯನಗಳು ನಡೆದ ಹೊತ್ತಿಗೆ ಬಲೆಗಳು ಆಗಲೇ ಕಡಲಿಗೆ ಇಳಿದಿದ್ದವು.

ಯೂರೋಪಿನಲ್ಲಿ ಈ ಮೀನಿನ ಬಳಕೆ ಬಹಳ ಹಳೆಯದು. ಮರವನ್ನೂ ದಂತವನ್ನೂ ಉಜ್ಜಿ ನಯಗೊಳಿಸಲು ಇದರ ಒರಟು ಚರ್ಮವನ್ನು ಬಳಸುತ್ತಿದ್ದರೆಂದು ರೋಮಿನ ಪ್ಲಿನಿ ಬರೆದಿದ್ದಾನೆ. ಆಡ್ರಿಯಾಟಿಕ್ ಕಡಲಿನ ಬೆಸ್ತರ ಬಳಿ ಏಂಜಲ್ ಶಾರ್ಕ್ ಹಿಡಿಯಲೆಂದೇ ಹೆಣೆದ, ಅದರ ಹೆಸರಿನಿಂದಲೇ ಕರೆಯುತ್ತಿದ್ದ ಬಲೆಗಳಿದ್ದವು. ಪ್ರತ್ಯೇಕ ಬಲೆ ಹೆಣೆಯುವಷ್ಟು ಮೀನು ಅಲ್ಲಿತ್ತು. ಹತ್ತೊಂಬತ್ತನೇ ಶತಮಾನದ ಬ್ರಿಟಿಷ್ ಮೀನು ಗ್ರಂಥಗಳು ಇದನ್ನು ದಕ್ಷಿಣದ ತೀರಗಳಲ್ಲಿ ಸಾಮಾನ್ಯವಾಗಿ ಸಿಗುವ ಮೀನೆಂದೇ ಹೇಳುತ್ತವೆ. ಆ ಶತಮಾನದ ಕೊನೆಯಲ್ಲಿ ಉಗಿಯಂತ್ರದ ಟ್ರಾಲ್ ಹಡಗುಗಳು ಬಂದವು. ಗಾಳಿಗಾಗಿ ಕಾಯದೆ, ಭಾರದ ಬಲೆಯನ್ನು ನೆಲದ ಮೇಲೆ ಎಳೆಯುತ್ತ ಸಾಗುವುದು ಆಗ ಸಾಧ್ಯವಾಯಿತು. ಹಡಗುಗಳು ಏಂಜಲ್ ಶಾರ್ಕಿಗೆಂದು ಹೋಗುತ್ತಿರಲಿಲ್ಲ. ಬೇರೆ ಮೀನಿನ ಜೊತೆಗೆ ಇದೂ ಸಿಕ್ಕಿಬೀಳುತ್ತಿತ್ತು. ತೀರಕ್ಕೆ ಹತ್ತಿರವೇ ಇದ್ದ ಮೀನು ನೂರು ವರ್ಷ ಹೀಗೆ ಬಲೆಗೆ ಬೀಳುತ್ತ ಹೋಯಿತು.

ಇಲ್ಲಿ ಮಾರುಕಟ್ಟೆಯ ಒಂದು ಸಂಗತಿ ಗಮನಿಸಬೇಕು. ಇಂಗ್ಲೆಂಡಿನಲ್ಲಿ ಇದರ ಮಾಂಸವನ್ನು ಮಾಂಕ್‌ಫಿಶ್ ಎಂದು ಮಾರುತ್ತಿದ್ದರು. ಇದು ಕಡಿಮೆಯಾಗುತ್ತ ಬಂದಂತೆ ಅದೇ ಹೆಸರಿನಲ್ಲಿ ಗಾಳಮೀನು ಎನ್ನಬಹುದಾದ ಲೋಫಿಯಸ್ ಎಂಬ ಬೇರೆಯದೇ ಮೀನು ಅಂಗಡಿಗೆ ಬಂತು. ಕೊಳ್ಳುವವರಿಗೆ ಮಾಂಕ್‌ಫಿಶ್ ಸಿಗುತ್ತಲೇ ಇತ್ತು. ಹಾಗಾಗಿ ಒಂದು ಮೀನು ಕಡಲಿನಿಂದ ಇಲ್ಲವಾಗುತ್ತಿದೆ ಎಂಬುದು ಅಂಗಡಿಯ ಮುಂದೆ ನಿಂತವರಿಗೆ ತಿಳಿಯಲೇ ಇಲ್ಲ. ತಿಳಿದದ್ದು ಗಾಳ ಹಾಕುವವರಿಗೆ. ಐರ್ಲೆಂಡಿನ ಪಶ್ಚಿಮ ತೀರದ ಟ್ರಲೀ ಕೊಲ್ಲಿ ಮತ್ತು ಕ್ಲ್ಯೂ ಕೊಲ್ಲಿಗಳಲ್ಲಿ ಹವ್ಯಾಸಿ ಗಾಳಗಾರರು 1970ರಿಂದ ಏಂಜಲ್ ಶಾರ್ಕ್‌ಗಳಿಗೆ ಗುರುತು ಪಟ್ಟಿ ಕಟ್ಟಿ ಬಿಡುತ್ತಿದ್ದರು. ಅವುಗಳಲ್ಲಿ ಕೆಲವು ಫ್ರಾನ್ಸ್, ಸ್ಪೇನ್ ತೀರಗಳವರೆಗೂ ಹೋಗಿ ಸಿಕ್ಕಿದ್ದುಂಟು. 1990ರ ದಶಕದಿಂದ ಆ ಕೊಲ್ಲಿಗಳಲ್ಲೇ ಪಟ್ಟಿ ಕಟ್ಟಲು ಮೀನು ಸಿಗುವುದು ತೀರಾ ಕಡಿಮೆಯಾಯಿತು.

ಕ್ಯಾಲಿಫೋರ್ನಿಯಾದ ಕಥೆಯ ಕಾಲಾವಧಿ ಬೇರೆ: ಶತಮಾನದ್ದಲ್ಲ, ಒಂದೂವರೆ ದಶಕದ್ದು. 1970ರ ದಶಕದ ನಡುವಿನ ತನಕ ಅಲ್ಲಿನ ಮೀನುಗಾರರಿಗೆ ಏಂಜಲ್ ಶಾರ್ಕ್ ಕಸದ ಮೀನು. ಹ್ಯಾಲಿಬಟ್ ಎಂಬ ಚಪ್ಪಟೆ ಮೀನಿಗೆಂದು ನೆಲದ ಮೇಲೆ ನಿಲ್ಲಿಸಿದ ಕಿವಿರು ಬಲೆಗಳಿಗೆ ಇದು ಸಿಕ್ಕಿಬಿದ್ದರೆ ಬಿಡಿಸಿ ಎಸೆಯುತ್ತಿದ್ದರು. ಇದರ ಆಕಾರವೇ ಕತ್ತರಿಸಲು ತೊಡಕಿನದು. ಅರ್ಧ ಭಾಗದಷ್ಟು ಮಾಂಸ ವ್ಯರ್ಥವಾಗುತ್ತಿತ್ತು. ಆಗ ಸಾಂಟಾ ಬಾರ್ಬರಾದ ಮೀನು ವ್ಯಾಪಾರಿಯೊಬ್ಬರು, ತ್ರೆಶರ್ ಎಂಬ ಬೇರೆ ಶಾರ್ಕ್ ಸಿಗದ ಋತುವಿನಲ್ಲಿ ಅದರ ಬದಲಿಗೆ ಇದನ್ನು ಮಾರಬಹುದೆಂದು ಕಂಡುಕೊಂಡು, ಕತ್ತರಿಸುವ ಕ್ರಮವೊಂದನ್ನು ರೂಢಿಸಿ, ಮೀನುಗಾರರನ್ನು ಒಪ್ಪಿಸಿದರು. 1977ರಲ್ಲಿ ತೀರಕ್ಕೆ ಬಂದದ್ದು ಸುಮಾರು 150 ಕಿಲೋ. 1981ರ ಹೊತ್ತಿಗೆ 1 ಲಕ್ಷ 17 ಸಾವಿರ ಕಿಲೋ. 1985 ಮತ್ತು 1986ರಲ್ಲಿ ವರ್ಷಕ್ಕೆ 5 ಲಕ್ಷ ಕಿಲೋವನ್ನೂ ಮೀರಿತು. ಕ್ಯಾಲಿಫೋರ್ನಿಯಾದಲ್ಲಿ ಆಹಾರಕ್ಕೆಂದು ಹಿಡಿಯುವ ಶಾರ್ಕ್‌ಗಳಲ್ಲಿ ಇದೇ ಮುಂದಾಯಿತು. ಹತ್ತು ವರ್ಷಕ್ಕೆ ಪ್ರಾಯಕ್ಕೆ ಬಂದು ಆರು ಮರಿ ಹಾಕುವ ಮೀನು ಇಂಥ ಹಿಡಿತವನ್ನು ತಾಳುವಂತಿಲ್ಲ. 1990ರ ಹೊತ್ತಿಗೆ ತೀರಕ್ಕೆ ಬರುವ ಮೀನು ವರ್ಷಕ್ಕೆ 1 ಲಕ್ಷ ಚಿಲ್ಲರೆ ಕಿಲೋಗೆ ಇಳಿಯಿತು.

ಇಷ್ಟರವರೆಗೆ ಎರಡೂ ಕಥೆಗಳ ದಿಕ್ಕು ಒಂದೇ. ಮುಂದೆ ದಾರಿ ಕವಲೊಡೆಯಿತು. ಕ್ಯಾಲಿಫೋರ್ನಿಯಾದಲ್ಲಿ 1980ರ ದಶಕದಲ್ಲೇ ಕನಿಷ್ಠ ಅಳತೆಯ ನಿಯಮ ಬಂತು; ಒಂದು ಮೀಟರಿಗಿಂತ ಚಿಕ್ಕದನ್ನು ಇಟ್ಟುಕೊಳ್ಳುವಂತಿಲ್ಲ ಎಂಬುದು ಸ್ಥೂಲವಾಗಿ ಅದರ ಅರ್ಥ. ಪ್ರಾಯಕ್ಕೆ ಬಾರದ ಮೀನನ್ನು ಉಳಿಸುವುದು ಅದರ ಉದ್ದೇಶ. ನಿಜವಾದ ತಿರುವು ಬಂದದ್ದು 1990ರ ನವೆಂಬರಿನಲ್ಲಿ. ರಾಜ್ಯದ ಮತದಾರರು ಪ್ರಸ್ತಾವ 132 ಎಂಬ ಸಮುದ್ರ ಸಂಪನ್ಮೂಲ ರಕ್ಷಣೆಯ ಕಾಯಿದೆಯನ್ನು ನೇರ ಮತದಿಂದ ಅಂಗೀಕರಿಸಿದರು. ಅದರಂತೆ 1994ರಿಂದ ದಕ್ಷಿಣ ಕ್ಯಾಲಿಫೋರ್ನಿಯಾದ ಮುಖ್ಯ ಭೂಮಿಯ ತೀರದಿಂದ ಮೂರು ನಾಟಿಕಲ್ ಮೈಲಿಯ ಒಳಗೆ ಕಿವಿರು ಬಲೆ ಹಾಕುವುದು ನಿಷಿದ್ಧವಾಯಿತು. ದ್ವೀಪಗಳ ಸುತ್ತಲೂ ಇಂಥದ್ದೇ ನಿರ್ಬಂಧ ಬಂತು. ಕಾಯಿದೆಯ ಗುರಿ ಏಂಜಲ್ ಶಾರ್ಕ್ ಒಂದೇ ಆಗಿರಲಿಲ್ಲ. ಬಲೆಗೆ ಸಿಕ್ಕಿ ಸಾಯುವ ಕಡಲ ಸಸ್ತನಿಗಳೂ ಹಕ್ಕಿಗಳೂ ಆ ಚರ್ಚೆಯಲ್ಲಿ ಮುಖ್ಯವಾಗಿದ್ದವು. ಆದರೂ ಈ ಶಾರ್ಕ್ ಮಲಗುವ ಆಳವಿಲ್ಲದ ಮರಳು ಬಹುಮಟ್ಟಿಗೆ ಆ ಮೂರು ಮೈಲಿಯ ಪಟ್ಟಿಯೊಳಗೇ ಇದ್ದುದರಿಂದ ಇದಕ್ಕೂ ದೊಡ್ಡ ಲಾಭವಾಯಿತು. ಮೀನುಗಾರಿಕೆ ಭರದಿಂದ ಆರಂಭವಾದ ಹದಿನೈದು–ಹದಿನೆಂಟು ವರ್ಷಗಳ ಒಳಗೆ ಬಲೆ ತೀರದಿಂದ ದೂರ ಸರಿದಿತ್ತು.

ಯೂರೋಪಿನಲ್ಲಿ ರಕ್ಷಣೆ ಬಂದದ್ದು ಮೀನು ಬಹುತೇಕ ಮುಗಿದ ಮೇಲೆ. ಸ್ಕ್ವಾಟಿನಾ ಸ್ಕ್ವಾಟಿನಾವನ್ನು ನಿಸರ್ಗ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್ ತನ್ನ ಕೆಂಪುಪಟ್ಟಿಯ ತೀವ್ರ ಅಪಾಯದ ವರ್ಗಕ್ಕೆ ಸೇರಿಸಿದ್ದು 2006ರಲ್ಲಿ. ಉತ್ತರ ಸಮುದ್ರದಲ್ಲಿ ಅದು ನಾಮಾವಶೇಷವಾಗಿದೆ ಎಂಬ ತೀರ್ಮಾನವೂ ಆಗಲೇ ಬಂತು. ಬ್ರಿಟನ್ನಿನ ವನ್ಯಜೀವಿ ಕಾಯಿದೆಯ ರಕ್ಷಣೆ ಸಿಕ್ಕಿದ್ದು 2008ರಲ್ಲಿ. ಯೂರೋಪಿಯನ್ ಒಕ್ಕೂಟ 2009ರಿಂದ ಇದನ್ನು ಹಡಗಿನಲ್ಲಿ ಇಟ್ಟುಕೊಳ್ಳುವುದನ್ನು ನಿಲ್ಲಿಸಿತು: ಸಿಕ್ಕರೆ ಕೂಡಲೇ ಬಿಡಬೇಕು. 2017ರಲ್ಲಿ ಮನಿಲಾದಲ್ಲಿ ಸೇರಿದ ವಲಸೆ ಪ್ರಾಣಿಗಳ ಅಂತರರಾಷ್ಟ್ರೀಯ ಒಪ್ಪಂದದ ಸಮ್ಮೇಳನ ಇದನ್ನು ತನ್ನ ಎರಡೂ ಅನುಬಂಧಗಳಲ್ಲಿ ಸೇರಿಸಿತು. ಕಾಗದದ ಮೇಲೆ ನೋಡಿದರೆ ಕ್ಯಾಲಿಫೋರ್ನಿಯಾದ ಮೀನಿಗಿಂತ ಯೂರೋಪಿನ ಮೀನಿಗೇ ಹೆಚ್ಚು ಕಾನೂನುಗಳ ಬೆಂಬಲವಿದೆ. ಆದರೆ ಕ್ಯಾಲಿಫೋರ್ನಿಯಾದ್ದು ಕೆಂಪುಪಟ್ಟಿಯಲ್ಲಿರುವುದು ಅಪಾಯದ ಸಮೀಪ ಎಂಬ ವರ್ಗದಲ್ಲಿ, ಎಂದರೆ ಅಪಾಯದ ಮೂರು ಮೆಟ್ಟಿಲುಗಳಿಗಿಂತ ಹೊರಗೆ, ಅಂಚಿನಲ್ಲಿ. ಯೂರೋಪಿನದ್ದು ಆ ಮೂರರಲ್ಲಿ ಅತಿ ಮೇಲಿನ ಮೆಟ್ಟಿಲಿನಲ್ಲಿ. ಅದರಾಚೆ ಇರುವುದು ನಿಸರ್ಗದಿಂದ ಕಣ್ಮರೆಯಾದ ಜೀವಿಗಳ ವರ್ಗ. ಹೆಚ್ಚು ಮರಿ ಹಾಕುವ ಜಾತಿ ಕೆಳಗೆ ಬಿತ್ತು, ಕಡಿಮೆ ಹಾಕುವ ಜಾತಿ ನಿಂತಿತು. ಬಲೆ ಎಷ್ಟು ಕಾಲ ಬಿದ್ದಿತ್ತು, ಎಂದು ಎತ್ತಲಾಯಿತು ಎಂಬುದೇ ಇವುಗಳ ಗತಿಯನ್ನು ಬೇರೆಯಾಗಿಸಿದ ಮುಖ್ಯ ಕಾರಣ.

ಸ್ಕ್ವಾಟಿನಾ ಸ್ಕ್ವಾಟಿನಾ ಇಂದಿಗೂ ಧಾರಾಳವಾಗಿ ಕಣ್ಣಿಗೆ ಬೀಳುವುದು ಕ್ಯಾನರಿ ದ್ವೀಪಗಳಲ್ಲಿ. ಜ್ವಾಲಾಮುಖಿಯಿಂದ ಎದ್ದ ಆ ದ್ವೀಪಗಳ ಸುತ್ತ ಆಳವಿಲ್ಲದ ಕಡಲು ಒಂದು ಕಿರಿದಾದ ಪಟ್ಟಿಯಷ್ಟೇ. ದೊಡ್ಡ ಟ್ರಾಲ್ ಹಡಗುಗಳಿಗೆ ಅಲ್ಲಿ ಕೆಲಸವಿಲ್ಲ. ಮೇಲಾಗಿ ಅಲ್ಲಿ ಟ್ರಾಲ್ ಬಲೆಗೆ ನಿಷೇಧವಿದೆ. ಬೇರೆಡೆ ಮೀನನ್ನು ಮುಗಿಸಿದ ಬಲೆ ಇಲ್ಲಿಗೆ ಬರಲಿಲ್ಲ, ಮೀನು ಉಳಿಯಿತು. ಟೆನೆರಿಫ್ ದ್ವೀಪದ ಲಾಸ್ ತೆರೆಸೀತಾಸ್ ಕಡಲತೀರ ಇವುಗಳ ಮರಿಗಳ ನೆಲೆ. ಆ ತೀರ ಮನುಷ್ಯರು ಕಟ್ಟಿದ್ದು. 1970ರ ದಶಕದಲ್ಲಿ ಸಹಾರಾದಿಂದ ಮರಳು ತಂದು ಸುರಿದು, ಅಲೆ ತಡೆಯಲು ಕಲ್ಲಿನ ಗೋಡೆ ಹಾಕಿದರು. ಆ ಗೋಡೆಯ ಒಳಗಿನ ನಿಶ್ಚಲ ನೀರಿನಲ್ಲಿ, ಸ್ನಾನಕ್ಕೆ ಇಳಿದವರ ಮೊಣಕಾಲು, ಸೊಂಟದ ಆಳದಲ್ಲಿ, ಗೇಣುದ್ದಕ್ಕಿಂತ ತುಸು ಹೆಚ್ಚಿನ ಮರಿಗಳು ಮರಳು ಹೊದ್ದು ಮಲಗಿರುತ್ತವೆ. ತಿಳಿಯದೆ ತುಳಿದವರನ್ನು ಕಚ್ಚಿದ್ದುಂಟು, ಗಾಯ ಚಿಕ್ಕದು. ಮರಿಗಳು ಸುಮಾರು ಒಂದು ವರ್ಷ ಅಲ್ಲೇ ಬೆಳೆದು ಆಮೇಲೆ ಹೊರಗಿನ ಆಳಕ್ಕೆ ಹೋಗುತ್ತವೆ. ಕ್ಯಾಲಿಫೋರ್ನಿಯಾದ ಜಾತಿಯ ಹೆಣ್ಣುಗಳು 50 ಮೀಟರಿಗೂ ಹೆಚ್ಚಿನ ಆಳದಲ್ಲಿ ಮರಿ ಹಾಕುತ್ತವೆ ಎಂದು ಭಾವಿಸಲಾಗಿದೆ. ಹಾಗಾಗಿ ಕ್ಯಾನರಿಯ ಮರಿಗಳಿಗೆ ಎದುರಾಗುವ ಜನಜಂಗುಳಿ, ದೋಣಿ, ತೀರದ ಕಾಮಗಾರಿಗಳ ಕಾಟ ಅವುಗಳಿಗೆ ಅಷ್ಟಾಗಿ ಇಲ್ಲ.

2014ರಲ್ಲಿ ಲಂಡನ್ ಪ್ರಾಣಿಶಾಸ್ತ್ರ ಸಂಘ, ಕ್ಯಾನರಿಯ ಲಾಸ್ ಪಾಲ್ಮಾಸ್ ವಿಶ್ವವಿದ್ಯಾಲಯ ಮತ್ತು ಜರ್ಮನಿಯ ಅಲೆಕ್ಸಾಂಡರ್ ಕೋನಿಗ್ ಪ್ರಾಣಿಸಂಶೋಧನಾ ಸಂಗ್ರಹಾಲಯ ಸೇರಿ ಏಂಜಲ್ ಶಾರ್ಕ್ ಯೋಜನೆಯನ್ನು ಆರಂಭಿಸಿದವು. ಮುಳುಗುಗಾರರು ಕಂಡ ಕಂಡ ಶಾರ್ಕಿನ ಜಾಗ, ಆಳ, ಅಳತೆಗಳನ್ನು ಬರೆದು ಕಳಿಸುವುದು ಅದರ ಒಂದು ಮುಖ್ಯ ಕೆಲಸ; ಶಾರ್ಕ್ ನೋಡಲೆಂದೇ ಆ ದ್ವೀಪಗಳಿಗೆ ಬರುವವರು ಈಗ ಬಹಳ. ಸ್ಪೇನ್ 2019ರಲ್ಲಿ ಕ್ಯಾನರಿಯ ಏಂಜಲ್ ಶಾರ್ಕನ್ನು ಅಳಿವಿನ ಅಪಾಯದ ಜೀವಿಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು. ಇನ್ನೊಂದು ಅಚ್ಚರಿಯ ನೆಲೆ ವೇಲ್ಸ್. ಅಲ್ಲಿನ ಮೀನುಗಾರರ ನೆನಪುಗಳನ್ನೂ ಹಳೆಯ ದಾಖಲೆಗಳನ್ನೂ ಒಟ್ಟುಗೂಡಿಸಿದಾಗ ಕಾರ್ಡಿಗನ್ ಕೊಲ್ಲಿಯ ಸುತ್ತಮುತ್ತ ಈ ಮೀನು ಇನ್ನೂ ಇದೆಯೆಂಬುದು ಗೊತ್ತಾಯಿತು. 2021ರಲ್ಲಿ ಅಲ್ಲಿ ಒಂದು ಮರಿಯ ಚಿತ್ರೀಕರಣವೂ ಆಯಿತು. ಮರಿ ಇದೆ ಎಂದರೆ ಆ ತಣ್ಣೀರಿನಲ್ಲೂ ಸಂತಾನ ನಡೆದಿದೆ ಎಂದರ್ಥ. ಬಲೆಗೆ ಅಕಸ್ಮಾತ್ ಸಿಕ್ಕ ಶಾರ್ಕನ್ನು ಬದುಕಿಸಿ ಬಿಡುವ ಕ್ರಮವನ್ನು ಅಲ್ಲಿನ ಬೆಸ್ತರೊಂದಿಗೆ ಕೂಡಿಯೇ ರೂಪಿಸಲಾಗಿದೆ. ಬೆಸ್ತರನ್ನು ದೂರ ಇಟ್ಟು ಇಂಥ ಕೆಲಸ ನಡೆಯದು. ಅಪರೂಪದ ಮೀನು ಎಲ್ಲಿದೆ ಎಂಬುದು ಮೊದಲು ತಿಳಿಯುವುದು ಅವರಿಗೇ.

ಕ್ಯಾಲಿಫೋರ್ನಿಯಾದ ಜಾತಿಯ ಸ್ಥಿತಿ ಸುಧಾರಿಸಿದೆ ಎಂದ ಮಾತ್ರಕ್ಕೆ ಅದು ನಿಶ್ಚಿಂತೆಯಿಂದ ಇದೆ ಎಂದಲ್ಲ. ಆ ತೀರದಾಚೆಯ ಉತ್ತರದ ದ್ವೀಪಗಳ ಬಳಿಯ ಶಾರ್ಕ್‌ಗಳಿಗೂ ದಕ್ಷಿಣದ ದ್ವೀಪಗಳ ಬಳಿಯವಕ್ಕೂ ಆನುವಂಶಿಕ ವ್ಯತ್ಯಾಸವಿರುವುದು ಅಧ್ಯಯನಗಳಿಂದ ಕಂಡುಬಂದಿದೆ. ನಡುವಿನ ಆಳವಾದ ಕಡಲನ್ನು ನೆಲಕ್ಕಂಟಿದ ಈ ಮೀನು ದಾಟುವುದು ಅಪರೂಪ. ಎಂದರೆ ಒಂದು ದ್ವೀಪದ ಸುತ್ತ ಮೀನು ಮುಗಿದರೆ ಪಕ್ಕದ ದ್ವೀಪದಿಂದ ಬಂದು ಅದು ತುಂಬುತ್ತದೆಂದು ನಂಬುವಂತಿಲ್ಲ. ಇದೇ ಕಾರಣಕ್ಕೆ ಇಡೀ ತೀರಕ್ಕೆ ಒಂದೇ ಲೆಕ್ಕ ಹಾಕುವುದು ತಪ್ಪಾಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಬಲೆ ನಿಂತಾಗ ಅಲ್ಲಿನ ಬೇಡಿಕೆ ನಿಲ್ಲಲಿಲ್ಲ. ಅದನ್ನು ಪೂರೈಸಲು ಮೆಕ್ಸಿಕೋದಿಂದ ಮೀನು ಬರತೊಡಗಿತು. ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಸಣ್ಣ ದೋಣಿಗಳ ಬೆಸ್ತರು ಇಂದಿಗೂ ನೆಲದ ಬಲೆಗಳಿಂದ ಇದನ್ನು ಹಿಡಿಯುತ್ತಾರೆ. ಮೆಕ್ಸಿಕೋ 1993ರಿಂದ ಶಾರ್ಕ್ ಹಿಡಿಯಲು ಹೊಸ ಪರವಾನಗಿ ಕೊಡುವುದನ್ನು ನಿಲ್ಲಿಸಿತು, 2012ರಿಂದ ಪ್ರತಿ ವರ್ಷ ಬೇಸಿಗೆಯಲ್ಲಿ ಶಾರ್ಕ್ ಮತ್ತು ತೊರಕೆಗಳ ಮೀನುಗಾರಿಕೆಗೆ ಬಿಡುವು ಘೋಷಿಸುತ್ತಿದೆ. ಅಪಾಯದ ಸಮೀಪ ಎಂಬ ವರ್ಗ ಈ ಜಾತಿಗೆ ಅಂಟಿಕೊಂಡಿರುವುದು ಬಹುಮಟ್ಟಿಗೆ ಈ ದಕ್ಷಿಣ ಭಾಗದ ಮೀನುಗಾರಿಕೆಯ ಕಾರಣದಿಂದ.

ಇದಕ್ಕೆ ಸೇರಿಕೊಂಡಂತೆ ಜಾತಿಯ ಗಡಿಯ ಪ್ರಶ್ನೆಯೂ ಇದೆ. ಇಕ್ವೆಡಾರಿನಿಂದ ಚಿಲಿಯವರೆಗಿನ ದಕ್ಷಿಣ ಅಮೆರಿಕದ ತೀರದಲ್ಲಿರುವ ಏಂಜಲ್ ಶಾರ್ಕನ್ನು ಸ್ಕ್ವಾಟಿನಾ ಆರ್ಮಾಟಾ ಎಂಬ ಪ್ರತ್ಯೇಕ ಜಾತಿಯೆಂದು 1887ರಲ್ಲಿ ಚಿಲಿಯ ಫಿಲಿಪ್ಪಿ ಹೆಸರಿಸಿದ್ದ. ಅದೂ ಕ್ಯಾಲಿಫೋರ್ನಿಯಾದ್ದೂ ಒಂದೇ ಎಂದು ವಾದಿಸಿದವರೂ ಇದ್ದಾರೆ. ಒಂದೇ ಎಂದು ಎಣಿಸಿದರೆ ನೆಲೆ ಎರಡು ಖಂಡಗಳ ಉದ್ದಕ್ಕೂ ಹರಡಿ, ಅಪಾಯ ತೆಳುವಾದಂತೆ ಕಾಣುತ್ತದೆ. ಬೇರೆ ಎಂದು ಎಣಿಸಿದರೆ ಸ್ಕ್ವಾಟಿನಾ ಕ್ಯಾಲಿಫೋರ್ನಿಕಾದ ಉಳಿವು ಮುಖ್ಯವಾಗಿ ಅಮೆರಿಕ ಮತ್ತು ಮೆಕ್ಸಿಕೋ ಎಂಬ ಎರಡು ದೇಶಗಳ ಮೀನುಗಾರಿಕೆ ಕಾನೂನಿನ ಮೇಲೆ ನಿಲ್ಲುತ್ತದೆ. ಇತ್ತೀಚಿನ ಜಾತಿಪಟ್ಟಿಗಳು ಎರಡನ್ನೂ ಬೇರೆ ಬೇರೆಯಾಗಿಯೇ ನಮೂದಿಸುತ್ತವೆ.